ರೆಕ್ಕೆಯೋ ಚಕ್ರವೋ

ಚನ್ನಪಟ್ಟಣ

ವಿಮಾನ ಕಂಪನಿಯ ಮೇಡಂ ಅವರಿಗೆ ನಮಸ್ಕಾರ.

ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಕೈಲಿ ಪತ್ರ ಬರೆಸುತ್ತೀರಲ್ಲ, ಫೋನಿನಲ್ಲಿ ಕೇಳಿದ್ದರೆ ಆಗುತ್ತಿರಲಿಲ್ಲವೇ? ನಿಮ್ಮ ವಿಮಾನ ಹತ್ತುವ ಮಕ್ಕಳಿಗೆ ಕೊಡಲು ಮರದ ವಿಮಾನ ಮಾಡುವವನು ನಾನು. ಮುಂದಿನ ವರ್ಷ ನಿಮ್ಮ ಹಾರಾಟ ಹೆಚ್ಚಾದರೆ, ಕಡಿಮೆಯಾದರೆ, ನಿಂತೇ ಹೋದರೆ ಏನು ಮಾಡುತ್ತೀರಿ ಎಂದು ನನ್ನನ್ನು ಕೇಳಿದ್ದೀರಿ. ಹಾರಿಸುವವರು ನೀವೋ ನಾನೋ?

ನಾನು ರೇಗಾಡುವುದನ್ನು ಕೇಳಿ ಹೆಂಡತಿ ಹನುಮಂತಮ್ಮ, "ಯಾಕಂಗೆ ಕೂಗಾಡ್ತೀಯ? ವಿಮಾನದ ಮೈ ಮಾತ್ರ ಕಡೆದಿಟ್ಕೋ. ಅವರು ಹಾರುದ್ರೆ ರೆಕ್ಕೆ ಹಾಕು, ಇಲ್ದಿದ್ರೆ ಚಕ್ರ ಹಾಕಿ ಬಸ್ಸು ಅಂತ ಮಾರು" ಅಂದಳು. ಹಾಗೇ ಮಾಡಿದ್ದೇನೆ. ಪಕ್ಕಕ್ಕೆ ತೂತು ಕೊರೆದರೆ ವಿಮಾನ, ಕೆಳಗೆ ಕೊರೆದರೆ ಬಸ್ಸು. ಮೂತಿ ಒಸಿ ಚೂಪಾದ ಬಸ್ಸು, ಅಷ್ಟೇ. ನೀವು ನಿಂತರೂ ಮರ ಕಡೆಯುವ ನಮ್ಮ ಲೇತು ನಿಲ್ಲುವುದಿಲ್ಲ.

ಆದರೆ ಬಣ್ಣದ ಅರಗು ಹಚ್ಚಿದ ಮೇಲೆ ಕೊರೆದರೆ ಚಕ್ಕೆ ಏಳುತ್ತದೆ. ರೆಕ್ಕೆಯೋ ಚಕ್ರವೋ, ಅರಗು ಹಚ್ಚುವ ಮುಂಚೆ, ಇಪ್ಪತ್ತನೇ ತಾರೀಕಿನೊಳಗೆ ಹೇಳಿ.

ಮುನಿರಾಮಯ್ಯ