ತಲೆಯಾಡಿಸಿದರೆ ಸಾಲದು

ಅತ್ತಿಗೆ,

ಕಾರ್ಡು ಚಿಕ್ಕದು, ನೇರ ಸುದ್ದಿಗೆ ಬರುತ್ತೇನೆ. ಈ ಪರದೇಶದ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ನನ್ನ ಕೆಲಸ ಕಾಯಂ ಆಗುವುದೇ ಅನುಮಾನವಾಗಿತ್ತು. ಮೇಲ್ವಿಚಾರಕಿ ಏನು ಹೇಳಿದರೂ ತಲೆಯಾಡಿಸುತ್ತಿದ್ದೆ, ಎಲ್ಲರೂ ಹೋದ ಮೇಲೂ ಕೂತು ಮುಗಿಸುತ್ತಿದ್ದೆ. ನಮ್ಮಲ್ಲಾದರೆ ಇದಕ್ಕೆ ಶಹಭಾಸ್‌ಗಿರಿ ಸಿಗುತ್ತದೆ. ಇಲ್ಲಿ ಆಕೆ ಮೊನ್ನೆ ರಾತ್ರಿ ನನ್ನ ಮೇಜಿನ ದೀಪ ಆರಿಸಿ ಕೇಳಿದಳು: "ನಾನು ಜಾಸ್ತಿ ಕೆಲಸ ಕೊಟ್ಟಿದೀನಾ, ಇಲ್ಲ ನಿಂಗೆ ಬರಲ್ವಾ? ಬಾಯಿ ಬಿಡದೇ ಇರೋರನ್ನ ಹೇಗಮ್ಮಾ ಇಟ್ಕೊಳ್ಳೋದು?"

ಭಾಷೆ ತಪ್ಪೀತೆಂದು ನಾನು ಸುಮ್ಮನಿದ್ದರೆ, ಅವರಿಗದು ದಡ್ಡತನವಾಗಿ ಕಂಡಿದೆ!

ಇಂದು ಸಭೆಯಲ್ಲಿ ಆಕೆ ಒಂದು ಪದ್ಯಪುಸ್ತಕದ ಬಿಡಿ ಹಾಳೆಗಳನ್ನು ಬೆನ್ನಿಗೆ ಅಂಟಿಸಿಬಿಡೋಣ ಎಂದಾಗ ಎದ್ದು ನಿಂತೆ. ಇಲ್ಲಿ ಎಲ್ಲರೂ ಕೂತೇ ಮಾತಾಡುವುದು.

"ಅಂಟು ಬೇಡ. ಪುಟ ಪೂರ್ತಿ ಬಿಚ್ಚಲ್ಲ, ಸಾಲಿನ ಕೊನೆ ಓದಕ್ಕಾಗಲ್ಲ. ಹೊಲಿಯೋಣ" ಎಂದೆ. ಅರ್ಧ ಮಾತು, ಅರ್ಧ ಕೈಸನ್ನೆ.

ಪಕ್ಕದ ಮೇಜಿನ ಮುದುಕ, "ಅಬ್ಬಾ, ಗೊಂಬೆ ಮಾತಾಡ್ತು!" ಎಂದು ನಕ್ಕ. ಆಕೆ ನಗಲಿಲ್ಲ.

"ಹಾಳೆ ಮುಟ್ಟಿ ನೋಡು. ಸೂಜಿ ತಾಗಿದ್ರೆ ಹರಿದೇ ಹೋಗತ್ತೆ."

ಮುಟ್ಟಿ ನೋಡಿದೆ, ನಿಜ. ಆದರೂ ಚಹಾ ತಣ್ಣಗಾಗುವವರೆಗೆ ವಾದಿಸಿದೆವು, ನಾನೇ ಸೋತೆ. ಹೊರಡುವಾಗ ಆಕೆ ನನ್ನ ಕೈಗೆ ಕಪಾಟಿನ ಕೀಲಿ ಕೊಟ್ಟು, "ಇನ್ಮೇಲೆ ದಿನಾ ಹೀಗೇ ಜಗಳ ಆಡ್ಬೇಕು" ಎಂದಳು. ಕೆಲಸ ಕಾಯಂ ಆಯಿತು.

ಮಂಡಿನೋವು ಹತೋಟಿಯಲ್ಲಿದೆ, ಮಾತ್ರೆ ಕಳಿಸಬೇಡಿ. ಅಂಚೆಯವನು ಬಂದು ಟಪಾಲು ಡಬ್ಬಿ ತೆರೆಯುತ್ತಿದ್ದಾನೆ, ಕೊನೆಯದೊಂದು ಮಾತು. ವಾಪಸ್ ಟಿಕೆಟ್ ಮಾಡಿಸುತ್ತೇನೆಂದು ಅಣ್ಣ ಕೂತಿದ್ದಾನಲ್ಲ, ಬೇಡ ಅನ್ನಿ.

ನಿಮ್ಮ ನಾದಿನಿ