ಒಂಬತ್ತನೇ ಅಧ್ಯಾಯದ ಆರು ಸಾಲು

ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ
ಅಂಗಡಿಯಿಂದ

ಮುದ್ದು ಗಿಣಿ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಭಾನುವಾರದ ಪೇಪರಿನಲ್ಲಿ ಅರ್ಧ ಪುಟ ನೀನೇ ಇದ್ದೀಯಲ್ಲ, ಗಲ್ಲಕ್ಕೆ ಕೈ ಕೊಟ್ಟುಕೊಂಡು ದೂರ ಎಲ್ಲೋ ನೋಡುತ್ತಾ. ಚೆನ್ನಾಗಿಯೇ ಇದ್ದೀಯ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ನಗುತ್ತೀಯ, ನಿನ್ನ ನಗು ಕೇಳಿ ನಾನೂ ನಕ್ಕುಬಿಡುತ್ತೇನೆ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ.

ಮೊದಲು ಒಪ್ಪಿಕೊಳ್ಳುತ್ತೇನೆ. ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ನಿನ್ನ ಸಂದರ್ಶನವನ್ನು ಮೂರು ಸಲ ಓದಿದೆ, ಮೂರು ಸಲವೂ ಮೈ ಉರಿಯಿತು.

‘ನಿಮ್ಮ ಬರವಣಿಗೆಯ ದಿನಚರಿ?’ ಅಂತ ಕೇಳಿದ್ದಾರೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಊರು ಏಳುವ ಮೊದಲು ಎರಡು ಪುಟ ಬರೆಯುತ್ತೀಯಂತೆ. ಅಯ್ಯೋ ತಾಯಿ! ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಅಡುಗೆಮನೆಯಲ್ಲಿ ಏಳು ವರ್ಷ ಕಳೆದವರು ನಾವು. ನಿನ್ನ ಅಲಾರಂ ಹೊಡೆದರೆ ಮನೆಮಂದಿಯೆಲ್ಲ ಏಳುತ್ತಿದ್ದೆವು, ನಿನ್ನೊಬ್ಬಳನ್ನು ಬಿಟ್ಟು. ಅದನ್ನು ಆರಿಸಲು ನಾನೇ ಬರುತ್ತಿದ್ದೆ. ‘ಹವ್ಯಾಸ?’ ಹಳೆಯ ಗುಂಡಿಗಳನ್ನು ಕೂಡಿಡುವುದಂತೆ. ಒಂದೊಂದು ಗುಂಡಿಯೂ ಒಂದೊಂದು ಅಂಗಿಯ ಕಥೆ ಹೇಳುತ್ತದಂತೆ. ಆ ಡಬ್ಬಿ ಯಾರದ್ದು ಗಿಣಿ? ನೀವು ಬೇರೆ ಊರಿಗೆ ಮನೆ ಬದಲಾಯಿಸುವಾಗ ‘ಅಕ್ಕಾ, ಇದನ್ನ ತಗೊಂಡು ಹೋಗ್ಲಾ?’ ಅಂತ ಕೇಳಿದೆ, ಕೊಟ್ಟೆ. ಅದು ಪೇಪರಿಗೆ ಬರುತ್ತದೆ ಅಂತ ನನಗೇನು ಗೊತ್ತಿತ್ತು?

ಪಕ್ಕದ ಅಂಗಡಿಯ ಟೈಲರ್ ಸೋಮವಾರ ಪೇಪರು ಹಿಡಿದುಕೊಂಡೇ ಬಂದ. ‘ಇವರು ನಿಮ್ಮ ವಾರಗಿತ್ತಿ ಅಲ್ವಾ ಮೇಡಂ? ನಿಮಗೂ ಬರೆಯೋಕೆ ಬರುತ್ತಾ?’ ಅಂದ. ‘ನನಗೆ ಟೈಪ್ ಮಾಡೋಕೆ ಬರುತ್ತೆ’ ಅಂದೆ. ಅವನು ಪಾಪ, ತಮಾಷೆ ಅಂದುಕೊಂಡು ನಕ್ಕ.

ನಿನ್ನ ಕಾದಂಬರಿಯ ಇನ್ನೂರ ಎಂಬತ್ತು ಪುಟವನ್ನೂ ಒಂದೊಂದು ಅಕ್ಷರ ಕುಟ್ಟಿದವಳು ನಾನು. ನಿನ್ನ ಕೈಬರಹದಲ್ಲಿ ಒತ್ತಕ್ಷರ ಯಾವುದು, ಕಾಗದದ ಮೇಲೆ ಬಿದ್ದ ಕಾಫಿ ಯಾವುದು ಅಂತ ತಿಳಿಯುತ್ತಿರಲಿಲ್ಲ. ಕಣ್ಣು ಕಿತ್ತು ಬರುತ್ತಿತ್ತು. ಎರಡನೇ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ‘ಅಕ್ಷರ ಜೋಡಣೆ’ ಅಂತ ನನ್ನ ಅಂಗಡಿಯ ಹೆಸರಿದೆ. ಅದನ್ನೂ ನಾನೇ ಟೈಪ್ ಮಾಡಿಕೊಂಡದ್ದು.

ಇಷ್ಟಕ್ಕೆಲ್ಲ ನಾನು ಕಾಗದ ಬರೆಯುತ್ತಿರಲಿಲ್ಲ. ಕೊನೆಯ ಪ್ರಶ್ನೆ ನನ್ನನ್ನು ಕೂರಗೊಡಲಿಲ್ಲ. ಒಂಬತ್ತನೇ ಅಧ್ಯಾಯದ ಆ ಆರು ಸಾಲು, ವಿಮರ್ಶಕರೆಲ್ಲ ಎತ್ತಿ ಬರೆದ ಸಾಲುಗಳು, ಅವಕ್ಕೆ ಸ್ಫೂರ್ತಿ ಎಲ್ಲಿಂದ ಅಂತ ಕೇಳಿದ್ದಾರೆ. ‘ನನ್ನದೇ ದಾಂಪತ್ಯದಿಂದ. ನನ್ನ ಗಂಡ ಕಡಿಮೆ ಮಾತಿನ ಮನುಷ್ಯ’ ಅಂದಿದ್ದೀಯ. ನಿನ್ನ ಗಂಡ! ನನ್ನ ಮೈದುನ! ಹಲ್ಲುಜ್ಜುವಾಗಲೂ ಬಾಯಿ ಮುಚ್ಚದವನು ಮೌನಿಯಾದನೇ? ಸುಳ್ಳಿಗೂ ಒಂದು ಮಿತಿ ಬೇಡವೇ?

ಆ ಸಾಲುಗಳನ್ನು ನೀನು ಬರೆದಿಲ್ಲ. ನಾನು ಬರೆದೆ.

ನಿನಗೆ ಗೊತ್ತಾಗಲಿಲ್ಲವೇ, ಅಥವಾ ಗೊತ್ತಾಗಿಯೂ ನುಂಗಿಕೊಂಡೆಯಾ, ಅದು ನನಗೆ ತಿಳಿಯದು. ನಡೆದದ್ದು ಇಷ್ಟು. ನಿನ್ನ ಹಸ್ತಪ್ರತಿಯಲ್ಲಿ ‘ಅವನು ಕೆಲಸದಿಂದ ಬಂದ. ಅವಳು ಕಾಫಿ ಕೊಟ್ಟಳು’ ಅಂತಿತ್ತು. ಮುಂದಿನ ಸಾಲಿನಲ್ಲಿ ಮರುದಿನ ಬೆಳಗಾಗಿಬಿಟ್ಟಿತ್ತು. ನನಗೆ ಸಿಟ್ಟು ಬಂತು. ಹದಿನೆಂಟು ವರ್ಷ ಒಬ್ಬಳು ಹೀಗೆ ಕಾಫಿ ಕೊಟ್ಟಿದ್ದಾಳೆ, ಇವಳು ಎರಡು ಸಾಲಿನಲ್ಲಿ ಮುಗಿಸಿದಳಲ್ಲ ಅಂತ. ಬೆರಳುಗಳು ತಾವೇ ಓಡಿದವು:

‘ಅವನು ಇಲ್ಲದಿರುವಾಗ ಆ ಮನೆ ಎಂದೂ ಖಾಲಿ ಎನಿಸಿರಲಿಲ್ಲ. ಅವನು ಬಂದು, ಚಪ್ಪಲಿ ಬಿಟ್ಟು, ಪೇಪರು ಬಿಡಿಸಿ ಕೂರುತ್ತಿದ್ದ. ಆಗಲೇ ಅದು ಖಾಲಿಯಾಗುತ್ತಿತ್ತು. ಆದರೂ ಸಂಜೆ ಐದೂವರೆಯಾದರೆ ಅವಳು ಒಲೆ ಸಣ್ಣದು ಮಾಡಿ ಮೆಟ್ಟಿಲ ಕಡೆ ಕಿವಿಗೊಡುತ್ತಿದ್ದಳು. ಹೀಗೇಕೆ ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಯಾರೂ ಕೇಳಲಿಲ್ಲ.’

ಬರೆದು ಅಳಿಸಿಬಿಡೋಣ ಅಂತಲೇ ಇದ್ದೆ. ಅಳಿಸಲಿಲ್ಲ. ‘ನೋಡು, ನಿನ್ನಿಂದ ಆಗದ್ದು ನನ್ನಿಂದ ಆಯಿತು’ ಅನ್ನುವ ಕೊಬ್ಬು ಅದು. ಬೇರೆ ಬಣ್ಣ ಬಳಿಯುವುದಿಲ್ಲ.

ಈಗ ಎರಡನೇ ಮುದ್ರಣಕ್ಕೆ ತಪ್ಪು ತಿದ್ದಿ ಶನಿವಾರದೊಳಗೆ ಕಳಿಸಿ ಅಂತ ಪ್ರಕಾಶಕರು ಹೇಳಿದ್ದಾರೆ. ನಾನು ಆ ಆರು ಸಾಲುಗಳನ್ನು ತೆಗೆಯುತ್ತಿದ್ದೇನೆ. ನಿನ್ನ ಪುಸ್ತಕ ನಿನಗಿರಲಿ, ನನ್ನ ಮನೆ ನನಗಿರಲಿ. ಮತ್ತೆ ಯಾರಾದರೂ ‘ಆ ಸಾಲುಗಳು ಎಲ್ಲಿ ಹೋದವು?’ ಅಂತ ಕೇಳಿದರೆ, ಗಲ್ಲಕ್ಕೆ ಕೈ ಕೊಟ್ಟು ನೀನೇ ಉತ್ತರ ಹೇಳಿಕೋ.

*

ಮಧ್ಯಾಹ್ನ ಮೂರು ಗಂಟೆ

ಮೇಲಿನದನ್ನು ಹರಿದುಹಾಕೋಣ ಅಂದುಕೊಂಡೆ. ಹರಿಯುವುದಿಲ್ಲ. ನೀನೂ ನನ್ನ ಬುದ್ಧಿ ನೋಡು.

ಪುಟದ ಸಂಖ್ಯೆ ಬೇಕಾಗಿತ್ತು. ಅದಕ್ಕೆ ಹಳೆಯ ಕರಡಿನ ಕಟ್ಟು ಬಿಚ್ಚಿದೆ, ನೀನು ಹೋದ ವರ್ಷ ತಿದ್ದಿ ಕಳಿಸಿದ್ದು. ಇಲ್ಲೊಂದು ವಿಷಯ ಹೇಳಲೇಬೇಕು. ಆವತ್ತು ಆ ಕಟ್ಟು ಬಂದಾಗ ಎಲ್ಲ ಪುಟದ ತಿದ್ದುಪಡಿಗಳನ್ನೂ ಹಾಕಿದೆ, ಆ ಆರು ಸಾಲುಗಳಿದ್ದ ನೂರ ಮೂವತ್ತೇಳನೆಯದೊಂದನ್ನು ಬಿಟ್ಟು. ಅದನ್ನು ನೋಡದೆಯೇ ಮಗುಚಿಬಿಟ್ಟೆ. ನೀನು ಆ ಸಾಲುಗಳ ಮೇಲೆ ಕೆಂಪು ಗೀಟು ಎಳೆದಿರುತ್ತೀಯ, ಪಕ್ಕದಲ್ಲಿ ‘ಇದೇನು?’ ಅಂತ ಕೇಳಿರುತ್ತೀಯ ಅಂತ ಭಯ. ನೋಡದಿದ್ದರೆ ಆಮೇಲೆ ಕಣ್ತಪ್ಪಿ ಹೋಯಿತು ಅನ್ನಬಹುದಲ್ಲ. ಇಪ್ಪತ್ತು ವರ್ಷ ಈ ಕೆಲಸ ಮಾಡಿದ್ದೇನೆ, ಒಂದು ಪುಟವನ್ನೂ ಹಾಗೆ ದಾಟಿಸಿದವಳಲ್ಲ.

ಇವತ್ತು ನೋಡಿದೆ. ಗೀಟಿಲ್ಲ. ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ, ಆ ಕೋಳಿಕಾಲಿನ ಅಕ್ಷರದಲ್ಲಿ, ನೀನು ಬರೆದಿದ್ದೀಯ: ‘ಅಕ್ಕಾ, ಇದು ನನ್ನ ಹಸ್ತಪ್ರತಿಯಲ್ಲಿ ಇಲ್ಲ. ನಿಮ್ಮದು ಅಂತ ಓದಿದ ಕೂಡಲೇ ಗೊತ್ತಾಯಿತು. ಇಡೀ ಪುಸ್ತಕದಲ್ಲಿ ಇಷ್ಟು ನಿಜವಾದದ್ದು ಬೇರೆ ಇಲ್ಲ. ನಿಮ್ಮ ಹೆಸರು ಹಾಕೋಣವೇ? ಬೇಡ ಅನ್ನಿಸಿದರೆ ಹೊಡೆದುಹಾಕಿ. ನೀವು ಏನೂ ಹೇಳದೆ ಹಾಗೇ ಬಿಟ್ಟರೆ, ಯಾರು ಕೇಳಿದರೂ ಇದು ನಮ್ಮ ಮನೆಯ ವಿಷಯ ಅಂತ ಹೇಳುತ್ತೇನೆ. ಭಾವನವರ ಕಡೆ ಯಾರೂ ಬೆರಳು ತೋರಿಸಬಾರದು, ನಿಮ್ಮ ಕಡೆಯೂ.’

ಗಿಣಿ, ನಾನು ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ಒಂದು ವರ್ಷ ನೀನು ನನ್ನ ಉತ್ತರಕ್ಕೆ ಕಾದಿದ್ದೀಯ. ನಾನು ಬಾಯಿಬಿಡಲಿಲ್ಲ ಅಂತ, ಅದೇ ಉತ್ತರ ಅಂದುಕೊಂಡು, ಪೇಪರಿನ ಅರ್ಧ ಪುಟದಲ್ಲಿ ನಿನ್ನ ಗಂಡನನ್ನು ಮೂಗನನ್ನಾಗಿ ಮಾಡಿದ್ದೀಯ. ಅವನು ಒಪ್ಪಿದನೇ? ಒಪ್ಪಿರುತ್ತಾನೆ, ಆಮೇಲೆ ಎರಡು ಗಂಟೆ ಅದರ ಬಗ್ಗೆಯೇ ಮಾತಾಡಿರುತ್ತಾನೆ.

ನಿನಗೆ ಒಂದು ನಿಜ ಹೇಳಲಾ? ಹೊಟ್ಟೆಕಿಚ್ಚು ಹೋಗಿಲ್ಲ. ಹೆಚ್ಚಾಗಿದೆ. ಬರೆಯುವುದರಲ್ಲಿ ನೀನು ಮುಂದೆ ಅಂತಿತ್ತು, ಈಗ ಒಳ್ಳೆಯವಳಾಗುವುದರಲ್ಲೂ ನೀನೇ ಮುಂದೆ. ನನಗೆ ಏನು ಉಳಿಸಿದೆ ಹೇಳು? ಅತ್ತುಬಿಟ್ಟೆ. ಗಿರಾಕಿಯೊಬ್ಬರು ವಿಸಿಟಿಂಗ್ ಕಾರ್ಡಿಗೆ ಬಂದಿದ್ದರು, ಕಣ್ಣಿಗೆ ಧೂಳು ಬಿತ್ತು ಅಂದೆ.

ಸಾಲುಗಳು ಇರುತ್ತವೆ. ಹೆಸರು ಬೇಡ. ಕರಡಿನ ಆ ಒಂದು ಹಾಳೆಯನ್ನು ಮಾತ್ರ ನಾನು ಇಟ್ಟುಕೊಳ್ಳುತ್ತೇನೆ. ವಾಪಸು ಕೇಳಬೇಡ.

ಸಿಟ್ಟು ಇಳಿದರೂ ಉರಿ ಇಳಿಯದ,
ನಿನ್ನ ಅಕ್ಕ

ಮರೆತ ಮಾತು (ಶುಕ್ರವಾರ ಬೆಳಿಗ್ಗೆ): ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ನಿನ್ನ ಸುಳ್ಳು ಈ ಮನೆಯಲ್ಲಿ ನಿಲ್ಲಲಿಲ್ಲ. ನಿನ್ನೆ ಸಂಜೆ ನಿಮ್ಮ ಭಾವ ನಿನ್ನ ಪುಸ್ತಕ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರು ಹಾಗೆ ಬಂದು ನಿಂತದ್ದು ನನಗೆ ನೆನಪೇ ಇಲ್ಲ. ‘ಇದು ನಮ್ಮನೆ ಅಲ್ವಾ?’ ಅಂತ ಕೇಳಿದರು. ಹೌದು, ನಾನೇ ಬರೆದದ್ದು, ಗಿಣಿಯಲ್ಲ, ಅಂದೆ. ಪುಟವನ್ನು ನನ್ನ ಕಡೆ ತಿರುಗಿಸಿದರು. ಎಷ್ಟು ಸಾಲು ನಿನ್ನದು ಅಂದರು. ಆರು ಅಂದೆ. ‘ಹದಿನೆಂಟು ವರ್ಷಕ್ಕೆ ಅಷ್ಟೇನಾ?’ ಅಂದರು.

ಇವತ್ತು ಅಂಗಡಿ ಬಾಗಿಲು ತೆಗೆದವಳೇ ಹೊಸದಾಗಿ ಒಂದು ಪುಟ ತೆರೆದಿದ್ದೇನೆ. ಏಳನೇ ಸಾಲಿನಲ್ಲಿದ್ದೇನೆ. ಇನ್ನು ಮೇಲೆ ಹೊಟ್ಟೆ ಉರಿದುಕೊಳ್ಳುವ ಸರದಿ ನಿನ್ನದು.