ಇಬ್ಬರ ಲೆಕ್ಕದ ಗಾಳಿ

ನವೆಂಬರ್ ೧೨, ಬುಧವಾರ

ಬೈಕಿನ ಹಿಂದಿನ ಟೈರ್ ಕೊನೆಗೂ ಬದಲಾಯಿಸಿದೆ. ಗ್ರಿಪ್ಪೋ ಮೈಲೇಜೋ ಎಂದು ಒಂದು ವಾರ ತಲೆ ಕೆಡಿಸಿಕೊಂಡಿದ್ದು ಸಾಕಾಗಿತ್ತು.

ಟೈರ್ ಅಂಗಡಿಯವನು ಹಳೆಯದರ ಮೇಲೆ ಬೆರಳಾಡಿಸಿ ನಕ್ಕ. ನಡುಭಾಗ ಸವೆದು ಚಪ್ಪಟೆಯಾಗಿತ್ತು. ಅಂಚಿನಲ್ಲಿ ಮಾತ್ರ, ಹೊಸ ಟೈರಿಗಿರುವ ಕೂದಲಿನಂಥ ರಬ್ಬರ್ ಎಳೆಗಳು ಇನ್ನೂ ಹಾಗೇ ಇದ್ದವು.

"ಏನ್ ಸಾರ್, ಇಂಥ ಗಾಡಿ ಇಟ್ಕೊಂಡು ತಿರುವಲ್ಲಿ ಒಂದ್ಸಲಾನೂ ಮಲಗಿಸಿಲ್ವಾ? ಆಫೀಸು, ಮನೆ ಅಷ್ಟೇ ಅಂದ್ರೆ ಗಟ್ಟಿ ರಬ್ಬರಿಂದು ಹಾಕ್ಸಿ, ಬಾಳಿಕೆ ಬರುತ್ತೆ. ಮೆತ್ತಂದು ತಿರುವಲ್ಲಿ ಚೆನ್ನಾಗಿ ಹಿಡಿಯುತ್ತೆ, ಆದ್ರೆ ಬೇಗ ಸವೆಯುತ್ತೆ."

ಇವನ ಬಾಯಿಗೆ ಬೀಗ ಹಾಕಬೇಕು. ಗಟ್ಟಿಯದೇ ಎಂದು ನಾನೂ ತೀರ್ಮಾನಿಸಿ ಹೋಗಿದ್ದೆ. ಆದರೆ "ಮೆತ್ತಂದೇ ಹಾಕಿ" ಎಂದುಬಿಟ್ಟೆ.

ಆ ಹಳೆಯ ಟೈರ್ ಹೆಂಡತಿ ತವರಿಗೆ ಹೋದ ವಾರ ಹಾಕಿಸಿದ್ದು. ಹನ್ನೊಂದು ತಿಂಗಳಾಯಿತು. ಘಾಟಿಯ ತಿರುವುಗಳಲ್ಲಿ ನನ್ನ ಜಾಕೆಟ್ ಹಿಡಿದು "ನಿಧಾನ ಕಣೋ, ಜಾರುತ್ತೆ" ಎನ್ನುತ್ತಿದ್ದಳು. ಈಗ ಫೋನಿನಲ್ಲಿ ಗಿಡಗಳಿಗೆ ನೀರು ಹಾಕಿದೆಯಾ ಎಂಬುದಷ್ಟೇ ಮಾತು.

ಗಾಳಿ ತುಂಬುವಾಗ ಅವನು ಕೇಳಿದ, "ಒಬ್ಬರೇನಾ ಸಾರ್, ಹಿಂದೆ ಯಾರಾದ್ರೂ ಕೂರ್ತಾರಾ?"

"ಕೂರ್ತಾರೆ."

ಇಬ್ಬರ ಭಾರದ ಲೆಕ್ಕಕ್ಕೆ ಬಿಗಿಯಾಗಿ ತುಂಬಿದ. ಬಂದವನು ನಾನೊಬ್ಬನೇ; ದಾರಿಯುದ್ದಕ್ಕೂ ಪ್ರತಿ ಗುಂಡಿಗೂ ಗಾಡಿ ನನ್ನನ್ನು ಎತ್ತಿಹಾಕಿತು. ಸೊಂಟ ಇನ್ನೂ ನೋಯುತ್ತಿದೆ.

ಊಟ ಮುಗಿಸಿ, ಸ್ವಲ್ಪ ಗಾಳಿ ಇಳಿಸೋಣವೆಂದು ಕೆಳಗೆ ಹೋದೆ. ವಾಲ್ವಿನ ಮುಚ್ಚಳ ಬಿಚ್ಚಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಮತ್ತೆ ಅದನ್ನೇ ಬಿಗಿಯಾಗಿ ತಿರುಗಿಸಿ ಬಂದೆ.

ಇರಲಿ, ಸೊಂಟ ತಾನೇ.